ಎತ್ತು ಅಡ್ಡ

ಸಮನ್ಸ್ ತಂದ ಪೇದೆ ಹೊಸ್ತಿಲ ಆಚೆಯೇ ನಿಂತು, "ಸಹಿ ಮಾಡ್ರಿ ಸರ, ಇಲ್ಲಿ, ಇಲ್ಲಿ, ಮತ್ತ ಇಲ್ಲಿ" ಎಂದ. ಮೂರು ಕಡೆ ಸಹಿ ಮಾಡಿದೆ. ಮೂರೂ ಒಂದೊಂದು ಥರ ಬಂದವು. ಅವನು ಹಾಳೆಯನ್ನು ದೂರ ಹಿಡಿದು ನೋಡಿ ನಕ್ಕ. "ಪಾಠ ಹೇಳಾರ ಸಹಿನೂ ಮೂರು ಥರ ಐತಿ ನೋಡು."

ಕೊಲೆ ಮೊಕದ್ದಮೆಯೊಂದರಲ್ಲಿ ನಾನು ಸಾಕ್ಷಿ. ಇನ್ನು ಹದಿನಾರು ದಿನಕ್ಕೆ ಜಿಲ್ಲಾ ಕೋರ್ಟಿನಲ್ಲಿ ಹಾಜರಾಗಬೇಕಿತ್ತು. ಪೇದೆ ಹೋದ ಮೇಲೆ ಆ ದಿನ ಕಂಡದ್ದನ್ನು ಒಮ್ಮೆ ಮನಸ್ಸಿನಲ್ಲೇ ಓಡಿಸಿ ನೋಡಿಕೊಂಡೆ. ಎಲ್ಲ ಸರಿಯಾಗಿತ್ತು. ಅಷ್ಟು ಸರಿಯಾಗಿದ್ದದ್ದೇ ನನಗೆ ಹಿಡಿಸಲಿಲ್ಲ.

ಮೂರು ವರ್ಷದ ಹಿಂದೆ ನಾನು ಕೊಟ್ಟೂರಿನ ಮನೆಯಿಂದ ದಿನಾ ಹರಪನಹಳ್ಳಿಗೆ ಹೋಗಿ ಒಂದು ಖಾಸಗಿ ಕಾಲೇಜಿನಲ್ಲಿ ಇತಿಹಾಸ ಹೇಳುತ್ತಿದ್ದೆ. ದಾರಿಯಲ್ಲಿ ಒಂದು ಹಳ್ಳಿ, ಹಳ್ಳಿಗಿಂತ ಸ್ವಲ್ಪ ಈಚೆಗೆ ರಸ್ತೆಗೆ ಹತ್ತಿದ ಒಂದು ಹೊಲ, ಬದುವಿನ ಮೇಲೆ ಬೇವಿನ ಮರ. ಒಮ್ಮೆ ಆ ಮರದ ಹತ್ತಿರ ಪೆಟ್ರೋಲ್ ಮುಗಿದು ಗಾಡಿ ನಿಂತುಬಿಟ್ಟಿತು. ಹೊಲದಲ್ಲಿ ಗಂಡ ಹೆಂಡತಿ ಇದ್ದರು. ಗಂಡ ಮಾತು ಕಡಿಮೆಯವನು. ಊರೊಳಗೆ ಹೋಗಿ ಒಂದು ಬಾಟಲಿ ಪೆಟ್ರೋಲ್ ತಂದುಕೊಟ್ಟ. ಅವನು ಬರುವತನಕ ನಾನು ನೆರಳಿನಲ್ಲಿ ನಿಂತಿದ್ದೆ. ಹೆಂಡತಿ ಕೊಡದಿಂದ ಚೊಂಬಿಗೆ ನೀರು ಬಗ್ಗಿಸಿಕೊಟ್ಟು, ನಾನು ಏನು ಮಾಡುತ್ತೇನೆಂದು ಕೇಳಿದಳು. ಹೇಳಿದೆ. "ಪೆಟ್ರೋಲ್ ಹಾಕಾದು ಮರ್ತು ಬಂದೀರಿ, ಹುಡುಗ್ರಿಗೆ ಅದೆಂಗ ಪಾಠ ಹೇಳ್ತೀರಿ?" ಎಂದಳು. ನಾನು ನೀರು ನೆತ್ತಿಗೇರಿ ಕೆಮ್ಮಿದೆ. ಆಮೇಲೆ ಆ ದಾರಿಯಲ್ಲಿ ಹೋಗುವಾಗ ಅವರು ಕಂಡರೆ ಕೈ ಎತ್ತುತ್ತಿದ್ದೆ. ಅವಳು ಕೈ ಎತ್ತುತ್ತಿದ್ದಳು. ಅವನು ಬರೀ ನೋಡುತ್ತಿದ್ದ.

ಒಂದು ಸೋಮವಾರ ಸಂಜೆ ಅವಳ ಹೆಣ ಊರಾಚೆಯ ಪಾಳು ಬಾವಿಯಲ್ಲಿ ಸಿಕ್ಕಿತು. ಗಂಡ ಪೊಲೀಸರಿಗೆ ಹೇಳಿದ್ದು: ತಾನು ಭಾನುವಾರವೇ ಹಡಗಲಿಯ ಅಣ್ಣನ ಮನೆಗೆ ಹೋಗಿದ್ದೆ, ಸುದ್ದಿ ಮುಟ್ಟಿದ ಮೇಲೆ ಸೋಮವಾರ ರಾತ್ರಿ ಬಂದೆ, ಆಕೆ ಕಾಲು ಜಾರಿ ಬಿದ್ದಿರಬೇಕು. ಅಣ್ಣನೂ ಹಾಗೆಯೇ ಹೇಳಿದ. ಆದರೆ ಆ ಸೋಮವಾರ ಬೆಳಿಗ್ಗೆ, ಕಾಲೇಜಿಗೆ ಹೋಗುವಾಗ, ನಾನು ಅವನನ್ನು ಅದೇ ಹಳ್ಳಿಯ ಹತ್ತಿರ ರಸ್ತೆ ದಾಟುತ್ತಿದ್ದಾಗ ಕಂಡಿದ್ದೆ. ಈ ಮಾತನ್ನು ಕಾಲೇಜಿನಲ್ಲಿ ಚಹಾ ಕುಡಿಯುವಾಗ ಆಡಿದೆ. ಎಂಟನೆಯ ದಿನಕ್ಕೆ ಠಾಣೆಯಿಂದ ಕರೆ ಬಂತು.

ಹೇಳಿಕೆ ಬರೆದುಕೊಂಡವರು ಠಾಣೆಯ ರೈಟರ್. ಕರಾವಳಿಯ ಕಡೆಯಿಂದ ಹೊಸದಾಗಿ ವರ್ಗವಾಗಿ ಬಂದವರು, ಒಳ್ಳೆಯ ಮನುಷ್ಯ, ಅಕ್ಷರ ಮುದ್ರಿಸಿದ ಹಾಗೆ. ನಾನು ಹೇಳುತ್ತ ಹೋದೆ, ಅವರು ಬರೆಯುತ್ತ ಹೋದರು, ಕೊನೆಗೆ ಓದಿ ಹೇಳಿದರು. "ಸದರಿ ಸೋಮವಾರ ಬೆಳಿಗ್ಗೆ ನಾನು ನನ್ನ ದ್ವಿಚಕ್ರ ವಾಹನದಲ್ಲಿ ಹೋಗುತ್ತಿರುವಾಗ, ಆರೋಪಿಯು ಎತ್ತಿನ ಬಂಡಿಯನ್ನು ಹೊಡೆದುಕೊಂಡು ರಸ್ತೆಯನ್ನು ದಾಟುತ್ತಿದ್ದುದನ್ನು ಖುದ್ದಾಗಿ ಕಂಡಿರುತ್ತೇನೆ." ಸರಿ ಎಂದೆ. ಸಹಿ ಬೇಡವೇ ಎಂದು ಕೇಳಿದೆ. "ಈ ಹೇಳಿಕೆಗೆ ಸಹಿ ಇರುವುದಿಲ್ಲ ಸರ್. ನೀವು ಕೋರ್ಟಿನಲ್ಲಿ ಹೇಳಿದರೇ ಅದು ಸಾಕ್ಷಿ" ಎಂದರು. ಹೊರಗೆ ಬಂದಾಗ ಎದೆ ಹಗುರಾಗಿತ್ತು. ಕರ್ತವ್ಯ ಮುಗಿಯಿತು ಎಂದುಕೊಂಡೆ.

ಸಮನ್ಸ್ ಬಂದ ನಾಲ್ಕನೆಯ ದಿನ ಸತ್ತವಳ ಅಕ್ಕ ನಮ್ಮ ಮನೆಗೆ ಬಂದರು. ಕೂಡ್ಲಿಗಿಯಲ್ಲಿ ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುವ ಹೆಂಗಸು. ಮೂರು ವರ್ಷದಲ್ಲಿ ಒಂದು ವಾಯಿದೆಯನ್ನೂ ತಪ್ಪಿಸಿರಲಿಲ್ಲ. ಕೋರ್ಟಿನ ತಾರೀಕಿಗೆ ನಮ್ಮ ಕಡೆ ವಾಯಿದೆ ಎನ್ನುತ್ತಾರೆ. ವಾಯಿದೆಯ ದಿನ ಕೋರ್ಟಿನಲ್ಲಿ ಏನೂ ನಡೆಯದಿದ್ದರೂ ಅವರು ಸಂಜೆತನಕ ವರಾಂಡದಲ್ಲಿ ಕೂತು ಬರುತ್ತಿದ್ದರಂತೆ. "ಹೆಸರು ಕೂಗ್ತಾರಲ್ಲ ಸರ, ಆವಾಗ ಆಕಿ ಹೆಸರೂ ಒಂದು ಸಲ ಕೇಳ್ತೈತಿ" ಎಂದು ಒಮ್ಮೆ ಹೇಳಿದ್ದರು. ಮೊದಲ ಸಲ ನನ್ನನ್ನು ಹುಡುಕಿಕೊಂಡು ಬಂದಾಗ ನಾನು ಆ ಪೆಟ್ರೋಲಿನ ಮಾತು ಹೇಳಿದ್ದೆ. ಅವರು ನಕ್ಕು, ನಗುತ್ತಲೇ ಸೆರಗಿನಿಂದ ಮುಖ ಮುಚ್ಚಿಕೊಂಡಿದ್ದರು. ಆಮೇಲೆ ಬಂದಾಗಲೆಲ್ಲ ಆ ಮಾತನ್ನು ಮತ್ತೆ ಹೇಳಿಸುತ್ತಿದ್ದರು.

ಈ ಸಲ ಅವರ ಚೀಲದಲ್ಲಿ ರೊಟ್ಟಿಯ ಗಂಟಿನ ಜೊತೆ ನನ್ನ ಹೇಳಿಕೆಯ ಜೆರಾಕ್ಸ್ ಇತ್ತು.

"ಸರಕಾರಿ ವಕೀಲ್ರು ಕೊಟ್ರು. ಮೇಷ್ಟ್ರಿಗೆ ಒಮ್ಮೆ ಓದಿಸು ಅಂದ್ರು."

ನಾನು ಗಟ್ಟಿಯಾಗಿ ಓದಿದೆ. ಅವರು ತಲೆ ಆಡಿಸುತ್ತ ಕೇಳುತ್ತಿದ್ದರು. ತಲೆ ಆಡುವುದು ನಿಂತಿತು.

"ಇನ್ನೊಮ್ಮೆ ಓದ್ರಿ. ಯಾವ ವಾರ ಅಂದ್ರಿ?"

"ಸೋಮವಾರ."

"ಸೋಮವಾರ ಬಂಡಿ ಹೂಡ್ಯಾನಾ?"

ಅವರು ಕೇಳಿದ್ದು ನನಗೆ ಅರ್ಥವಾಗಲು ಅರೆಗಳಿಗೆ ಬೇಕಾಯಿತು. ನಮ್ಮ ಕಡೆ ಸೋಮವಾರ ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ. ಅವತ್ತು ಎತ್ತಿನ ಮೈ ತೊಳೆಯುತ್ತಾರೆ, ಹಣೆಗೆ ವಿಭೂತಿ ಹಚ್ಚುತ್ತಾರೆ, ಮೇವು ಹಾಕಿ ಬಿಡುತ್ತಾರೆ. ಎಷ್ಟೇ ಅವಸರವಿದ್ದರೂ ನೇಗಿಲೂ ಇಲ್ಲ, ಬಂಡಿಯೂ ಇಲ್ಲ. ಇದು ಕೂಸಿಗೂ ಗೊತ್ತಿರುವ ವಿಷಯ. ನನಗೂ ಗೊತ್ತಿತ್ತು. ಆದರೆ ನಮ್ಮದು ಬಟ್ಟೆ ಅಂಗಡಿಯ ಮನೆ, ಎತ್ತು ಕಟ್ಟಿದವರಲ್ಲ. ಗೊತ್ತಿದ್ದದ್ದು ಕಣ್ಣಿಗೆ ಇಳಿದಿರಲಿಲ್ಲ. ಕರಾವಳಿಯ ರೈಟರಿಗೆ ಗೊತ್ತಿರುವ ಸಂಭವವೇ ಇರಲಿಲ್ಲ. ಆಮೇಲೆ ಅದನ್ನು ಓದಿದವರೆಲ್ಲ ಪೇಟೆಯವರು.

"ಟ್ರ್ಯಾಕ್ಟರ್ ಆಗಿತ್ತೇನೋ?" ನನ್ನ ಹೆಂಡತಿ ಅಡುಗೆಮನೆಯಿಂದ ಹೇಳಿದಳು. "ಟ್ರ್ಯಾಕ್ಟರಿಗೆ ಯಾವ ಸೋಮವಾರ?"

"ಎತ್ತಿಗೂ ಟ್ರ್ಯಾಕ್ಟರಿಗೂ ಫರಕ್ ಗೊತ್ತಾಗದಷ್ಟು ಓದಿಲ್ಲ ನಾನು" ಎಂದೆ. ಅವಳು ನಕ್ಕಳು. ಅಕ್ಕ ನಗಲಿಲ್ಲ.

ಜೆರಾಕ್ಸ್ ಹಾಳೆಯನ್ನು ನನ್ನ ಕೈಯಿಂದ ತೆಗೆದುಕೊಂಡು, ಬಂಡಿ ಎಂದಿದ್ದ ಕಡೆ ಬೆರಳಿಟ್ಟರು. ಧ್ವನಿ ಇಳಿಸಿ, ಒಂದೊಂದೇ ಮಾತು ಆರಿಸಿ ಹೇಳಿದರು. "ಅವನು ಸೋಮವಾರ ಎತ್ತಿಗೆ ಬಾರುಕೋಲು ಸಹಿತ ತೋರ್ಸಾವಲ್ಲ ಸರ. ಹೆಂಡ್ತಿ ಮ್ಯಾಲೆ ಕೈ ಮಾಡ್ತಿದ್ದ, ಎತ್ತಿನ ಮ್ಯಾಲೆ ಮಾಡ್ತಿದ್ದಿಲ್ಲ. ಅಂಥಾವ ಸೋಮವಾರ ಬಂಡಿ ಹೂಡ್ಯಾನ ಅಂದ್ರ ಏನೋ ಹೇರ್ಕಂಡು ಹೋಗಾದಿತ್ತು. ಆ ಬಾವಿ ಕಡಿ ಆಕಿ ತಾನಾ ಹೋಗಾಕಿ ಅಲ್ಲ, ಹಾವು ಅದಾವು ಅಂತ ಅಂಜತಿದ್ಲು." ನನ್ನ ಮುಖ ನೋಡಿದರು. "ಬಂಡ್ಯಾಗ ಏನಿತ್ತು ಸರ?"

"ನಾನು ನೋಡಲಿಲ್ಲ ಅಕ್ಕಾರ."

"ಬಂಡಿ ನೋಡಿದಾರು ಬಂಡ್ಯಾಗಿನದು ನೋಡದಂಗ ಹೆಂಗ ಇರ್ತೀರಿ? ಸಮಾಧಾನಾಗಿ ನೆಪ್ಪು ಮಾಡ್ಕಳ್ರಿ. ಇನ್ನಾ ಹನ್ನೆರ್ಡು ದಿನ ಐತಿ."

ಅವರು ಹೋದ ಮೇಲೆ ನಾನು ನೆನಪು ಮಾಡಿಕೊಳ್ಳಲು ಕೂತೆ. ಕೂರಬಾರದಿತ್ತು.

ಎರಡನೆಯ ದಿನಕ್ಕೆ ಬಂಡಿಯಲ್ಲಿ ಜೋಳದ ಸೊಪ್ಪೆ, ಒಣಗಿದ ದಂಟು, ಕಂಡಿತು. ಎತ್ತರಕ್ಕೆ ಒಟ್ಟಿದ್ದರು, ಮೇಲೆ ಹಗ್ಗ ಬಿಗಿದಿತ್ತು. ಮೂರನೆಯ ದಿನ ಬಂಡಿ ಒಂದು ಕಡೆಗೆ ವಾಲಿದ್ದು ಕಂಡಿತು. ಐದನೆಯ ದಿನ ಈಗಿನ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದಾಗ, ನನ್ನಷ್ಟಕ್ಕೆ ನಾನೇ, ಸೊಪ್ಪೆಯ ಸಂದಿಯಲ್ಲಿ ಹಸಿರು ಬಟ್ಟೆಯ ಚುಂಗು ನೋಡಿದೆ. ಬಳಪ ಕೆಳಗಿಟ್ಟೆ. ಆಕೆಯ ಮೈಮೇಲೆ ಹಸಿರು ಸೀರೆ ಇತ್ತೆಂದು ಆಗ ಪತ್ರಿಕೆಯಲ್ಲಿ ಓದಿದ್ದು ನೆನಪಿತ್ತು. ಚುಂಗು ರಸ್ತೆಯಿಂದ ಬಂದದ್ದಲ್ಲ, ಪತ್ರಿಕೆಯಿಂದ ಬಂದದ್ದು. ಹಾಗಾದರೆ ಸೊಪ್ಪೆ ಎಲ್ಲಿಂದ ಬಂತು? ಏನೋ ಹೇರಿದ್ದನೆಂಬ ಅಕ್ಕನ ಮಾತಿನಿಂದ. ಬಂಡಿ?

ಎಂ.ಎ. ಓದುವಾಗ ನಮಗೆ ಮೊದಲ ವರ್ಷವೇ ಕಲಿಸಿದ್ದರು: ಯಾವ ದಾಖಲೆ ಸಿಕ್ಕರೂ ಅದನ್ನು ಬರೆದವನು ಯಾರು, ಯಾವಾಗ ಬರೆದ, ಯಾರಿಗಾಗಿ ಬರೆದ ಎಂದು ಕೇಳಬೇಕು. ಶಾಸನಗಳನ್ನೂ ಕೈಫಿಯತ್ತುಗಳನ್ನೂ ಹಾಗೆ ಕೇಳಿ ಕೇಳಿ ನನಗೆ ಅದು ಚಟವಾಗಿತ್ತು. ಈಗ ನನ್ನನ್ನೇ ಕೇಳಿಕೊಳ್ಳಬೇಕಾಯಿತು. ಠಾಣೆಯಲ್ಲಿ ನನ್ನ ಬಾಯಿಂದ ಬಂದ ಮಾತು ಯಾವುದು? ನಾನು ಮಾತಾಡುವ ರೀತಿ ನನಗೆ ಗೊತ್ತು. "ಎತ್ತು ಹೊಡ್ಕಂಡು ಹೊಂಟಿದ್ದ" ಎಂದಿರಬೇಕು. ನಮ್ಮಲ್ಲಿ ಬಂಡಿ ಹೂಡಿಕೊಂಡು ಹೋದರೂ ಎತ್ತು ಹೊಡ್ಕಂಡು ಹೋದ ಎನ್ನುತ್ತಾರೆ. ಬರೀ ಎತ್ತನ್ನು ಮುಂದೆ ಬಿಟ್ಟುಕೊಂಡು ಹಿಂದೆ ನಡೆದು ಹೋದರೂ ಅದೇ ಮಾತು. ಬೇರೆ ಸೀಮೆಯ ರೈಟರ್ ಆ ಮಾತನ್ನು ನೆಟ್ಟಗೆ ಮಾಡಲು ಒಂದು ಬಂಡಿ ಸೇರಿಸಿದರೇ? ಅವರು ಓದಿದಾಗ ನನಗೂ ಬಂಡಿ ಕಂಡಿತೇ? ಅಥವಾ ಬಂಡಿ ಮೊದಲಿನಿಂದಲೇ ಇತ್ತೇ? ಕಣ್ಣು ಮುಚ್ಚಿದರೆ ಬಂಡಿಯ ಗಾಲಿ ತಿರುಗುತ್ತಿತ್ತು. ಅದರ ಸದ್ದೂ ಕೇಳುತ್ತಿತ್ತು.

ಬಂಡಿ ಹೋದರೆ ಹೋಗಲಿ ಎಂದರೆ, ಇನ್ನೊಂದು ಭಯ ಅದರ ಹಿಂದೆ ನಿಂತಿತ್ತು. ನಾನು ಕಂಡದ್ದು ಬಂಡಿಯೇ ಆಗಿದ್ದರೆ, ಅದು ಸೋಮವಾರ ಅಲ್ಲದೆ ಬೇರೆ ಯಾವುದೋ ದಿನ ಇರಬಹುದು. ಶನಿವಾರವೋ, ಹಿಂದಿನ ಗುರುವಾರವೋ. ಹಾಗಾದರೆ ಅವನು ಹಡಗಲಿಯಲ್ಲಿದ್ದನೆಂಬ ಮಾತು ನಿಜವಿರಬಹುದು. ಹಾಗಾದರೆ ಮೂರು ವರ್ಷದಿಂದ ಒಬ್ಬ ನಿರಪರಾಧಿಯ ಕುತ್ತಿಗೆಯ ಮೇಲೆ ನಾನು ಕೂತಿದ್ದೇನೆ.

ಬಸ್ ಸ್ಟ್ಯಾಂಡಿನ ಹಿಂದೆ ಗ್ಯಾರೇಜು ಇಟ್ಟಿರುವ ನನ್ನ ಗೆಳೆಯನ ಹತ್ತಿರ ಹೋದೆ. ಪ್ರೈಮರಿಯಿಂದ ಒಟ್ಟಿಗೆ ಓದಿದವನು, ನನ್ನ ಗಾಡಿಗಳನ್ನೆಲ್ಲ ರಿಪೇರಿ ಮಾಡಿದವನು. ಅವನು ಒಂದು ಚಕ್ರ ಬಿಚ್ಚುತ್ತ ಪೂರ್ತಿ ಕೇಳಿಸಿಕೊಂಡ.

"ಸ್ಕೂಟರಿನ ಮೇಲೆ ಹೋಗುತ್ತಿದ್ದೆ, ಬ್ರೇಕು ಹಾಕಿದೆ, ಅಷ್ಟು ಚೆನ್ನಾಗಿ ನೆನಪಿದೆ" ಎಂದೆ.

"ಯಾವ ಸ್ಕೂಟರ್ಲೇ?"

"ಇದೇ. ಈ ಸ್ಕೂಟರು."

ಅವನು ಕೈಯ ಗ್ರೀಸನ್ನು ಚಿಂದಿಗೆ ಒರೆಸಿಕೊಂಡು ಎದ್ದ. "ಲೇ ಪ್ರೊಫೆಸರ್, ಆ ಹೆಣ್ಮಗಳು ತೀರ್ಕಂಡಾಗ ನಿನ್ನ ಹತ್ರ ಇದ್ದದ್ದು ಮೋಟರ್‌ಸೈಕಲ್. ಈ ಸ್ಕೂಟರ್ ನಾನಾ ಕೊಡ್ಸೀನಿ, ಅದಾದ ಮ್ಯಾಲೆ ಆರು ತಿಂಗಳಿಗೆ. ನನ್ನ ಮಗಳ ಮದುವಿ ವಾರ. ಕ್ಯಾ ರೇ, ಕೋರ್ಟಿನಾಗ ಹಿಂಗ ಹೇಳಿದ್ರ ಅವರು ನಿನ್ನನ್ನಾ ಒಳಗ ಹಾಕ್ತಾರ."

"ತಮಾಷೆ ಮಾಡಬೇಡ."

"ತಮಾಷಿ ಯಾರು ಮಾಡಾಕ ಹತ್ಯಾರ? ನಿನ್ನ ತಲಿ ಮಾಡಾಕ ಹತ್ತೈತಿ."

ಮನೆಗೆ ಬಂದು ಹಳೆಯ ವಾಹನದ ಕಾಗದ ಹುಡುಕಿದೆ. ಅವನು ಹೇಳಿದ್ದೇ ಸರಿ. ಇಷ್ಟು ದಿನ ನಾನು ಆ ಬೆಳಗಿನೊಳಗೆ ಇಲ್ಲದ ಸ್ಕೂಟರ್ ಓಡಿಸಿದ್ದೆ. ಅದರ ಕನ್ನಡಿಯಲ್ಲಿ ಎತ್ತಿನವನ ಟವೆಲ್ಲು ಕಂಡದ್ದನ್ನೂ ನೆನಪಿಟ್ಟುಕೊಂಡಿದ್ದೆ. ಊಟ ಸೇರಲಿಲ್ಲ. ಹೆಂಡತಿ ತಟ್ಟೆ ಎತ್ತುತ್ತ, "ಹೋಗಲಿ ಬಿಡ್ರಿ, ನೆನಪಿಲ್ಲ ಅಂದುಬಿಡ್ರಿ ಕೋರ್ಟಿನಾಗ" ಎಂದಳು. ಅದು ಸುಲಭವಾಗಿತ್ತು. ಹಾಗೆಂದ ಕೂಡಲೇ ಸತ್ತವಳ ಗಂಡ ಬಿಡುಗಡೆಯಾಗಿ ಮನೆಗೆ ಹೋಗುತ್ತಾನೆ. ಹಡಗಲಿಯ ಮಾತನ್ನು ಅಲ್ಲಗಳೆಯುವವನು ನನ್ನನ್ನು ಬಿಟ್ಟರೆ ಬೇರೆ ಯಾರೂ ಇರಲಿಲ್ಲ. ಊರಿನವರು ಯಾರೂ ಅವನನ್ನು ಆ ದಿನ ನೋಡಿರಲಿಲ್ಲ, ಅಥವಾ ನೋಡಿದೆವೆಂದು ಹೇಳಿರಲಿಲ್ಲ.

ಆಗ ತಡ ಪುಸ್ತಕ ಹೊಳೆಯಿತು.

ಹರಪನಹಳ್ಳಿಯ ಆ ಕಾಲೇಜಿನ ಪ್ರಿನ್ಸಿಪಾಲರಿಗೆ ಒಂದು ಪದ್ಧತಿ ಇತ್ತು. ಐದು ನಿಮಿಷ ತಡವಾದರೂ ನಾವು ಅಟೆಂಡರನ ಮೇಜಿನ ಮೇಲಿನ ಉದ್ದ ಪುಸ್ತಕದಲ್ಲಿ ಹೆಸರು, ಬಂದ ಹೊತ್ತು, ಕಾರಣ ಬರೆಯಬೇಕಿತ್ತು. ನಾವು ಅದನ್ನು ತಡ ಪುಸ್ತಕ ಎನ್ನುತ್ತಿದ್ದೆವು. ಆ ಸೋಮವಾರ ನಾನು ತಡವಾಗಿದ್ದೆ ಎಂದು ನನಗೆ ಅನ್ನಿಸಿತು. ಅನ್ನಿಸಿದ್ದನ್ನು ನಂಬುವ ಸ್ಥಿತಿಯಲ್ಲಿರಲಿಲ್ಲ. ಮರುದಿನ ರಜೆ ಹಾಕಿ ಹೋದೆ.

ಅಟೆಂಡರ್ ಅವನೇ ಇದ್ದ. ನನ್ನನ್ನು ನೋಡಿ ಕುರ್ಚಿಯಿಂದ ಅರ್ಧ ಎದ್ದ. "ಏನ್ ಸಾರ್, ಕೆಲ್ಸ ಬಿಟ್ಟು ಎರಡು ವರ್ಷ ಆತು, ಇವತ್ತು ಬಂದೀರಲ್ಲ! ಬರೀರಿ ಮತ್ತೆ, ಲೇಟ್ ಆಗಿದ್ದಕ್ಕೆ ಕಾರಣ."

ಹಳೆಯ ಪುಸ್ತಕ ಬೇಕೆಂದೆ. ಮುರಿದ ಬೆಂಚುಗಳನ್ನು ತುಂಬಿದ್ದ ಕೋಣೆಗೆ ಕರೆದುಕೊಂಡು ಹೋದ. "ಪ್ರಿನ್ಸಿಪಾಲ್ರು ಬಿಸಾಕು ಅಂದ್ರು. ನಾನೇ ಇಟ್ಟೀನಿ. ಬೇಜಾರಾದಾಗ ಓದ್ತೀನಿ ಸಾರ್, ಒಳ್ಳೆ ನಗು ಬರ್ತತಿ." ನಿಜವಿತ್ತು. ಹಾಳೆಗಟ್ಟಲೆ 'ಬಸ್ ತಡ', 'ಬಸ್ ತಡ', 'ಬಸ್ ಬರಲೇ ಇಲ್ಲ'. ಅರ್ಥಶಾಸ್ತ್ರದ ಮೇಡಂ ಒಂದು ಕಡೆ ಬರೀ 'ಅತ್ತೆ' ಎಂದು ಬರೆದಿದ್ದರು. ನನ್ನ ಅಕ್ಷರ ಅಲ್ಲಲ್ಲಿ ಸಿಕ್ಕಿತು. ಒಂದು ಕಡೆ 'ಪೆಟ್ರೋಲ್'. ಇನ್ನೂ ಹಾಳೆ ತಿರುವಿದೆ. ಆ ತಾರೀಕು, ಸೋಮವಾರ. ನನ್ನ ಹೆಸರು. ಒಂಬತ್ತು ಇಪ್ಪತ್ತು. ಕಾರಣದ ಜಾಗದಲ್ಲಿ ಎರಡು ಪದ.

'ಎತ್ತು ಅಡ್ಡ'.

ಮುರಿದ ಬೆಂಚಿನ ಮೇಲೆ ಕೂತುಬಿಟ್ಟೆ. ಅವಳ ಹೆಣ ಸಿಗುವುದಕ್ಕೆ ಮೊದಲು, ಯಾವ ಪೊಲೀಸನೂ ನನ್ನನ್ನು ಕೇಳುವುದಕ್ಕೆ ಮೊದಲು, ಏನನ್ನೂ ಸಾಬೀತು ಮಾಡುವ ಉದ್ದೇಶವಿಲ್ಲದೆ ಅವಸರದಲ್ಲಿ ಗೀಚಿದ ಎರಡು ಪದ. ಹಾಗಾದರೆ ದಿನ ಸರಿ. ಎತ್ತು ಅಡ್ಡ ಬಂದವು, ನಾನು ನಿಂತೆ. ಗಾಡಿ ನಿಲ್ಲಿಸಿ ನೋಡಿದ ಮುಖ, ಪೆಟ್ರೋಲ್ ತಂದುಕೊಟ್ಟ ಆ ಮುಖ, ಅದರ ಬಗ್ಗೆ ನನಗೆ ಎಂದೂ ಸಂಶಯ ಬಂದಿರಲಿಲ್ಲ. ಆದರೆ ಬಂಡಿ ಇದ್ದಿದ್ದರೆ 'ಬಂಡಿ ಅಡ್ಡ' ಎಂದು ಬರೆಯುತ್ತಿರಲಿಲ್ಲವೇ? ಬರೆಯುತ್ತಿದ್ದೆನೇನೋ. ಬರೆಯದೆಯೂ ಇರಬಹುದು. ಸೋಮವಾರ ಮೈ ತೊಳೆಯಲು ಹಳ್ಳಕ್ಕೆ ಹೊಡೆದುಕೊಂಡು ಹೊರಟ ಎತ್ತುಗಳೆಂದರೆ ಎಲ್ಲ ಸರಿಹೋಗುತ್ತಿತ್ತು. ಸರಿಹೋಗುವುದು ಮತ್ತು ನಾನು ನೋಡಿದ್ದು ಎರಡೂ ಒಂದೇ ಅಲ್ಲ.

ಅಟೆಂಡರ್ ಬಾಗಿಲಲ್ಲಿ ನಿಂತು, "ಏನ್ ಸಾರ್, ಅಳು ಬರಾ ಅಂಥಾದ್ದು ಯಾರು ಬರ್ದಾರೆ ಅದ್ರಾಗೆ?" ಎಂದ. ಆ ಹಾಳೆಯ ಫೋಟೊ ತೆಗೆದುಕೊಂಡೆ. ಪುಸ್ತಕವನ್ನು ಯಾರಿಗೂ ಕೊಡಬೇಡ ಎಂದೆ. ಅವನು ಅದನ್ನು ಹಳೆಯ ಟವೆಲ್ಲಿನಲ್ಲಿ ಸುತ್ತಿ ಬೀರುವಿನಲ್ಲಿಟ್ಟ.

ಸಂಜೆ ಅಕ್ಕನಿಗೆ ಫೋನು ಮಾಡಿದೆ. ಆ ಕಡೆಯಿಂದ ರೊಟ್ಟಿ ಬಡಿಯುವ ಸದ್ದು ಬರುತ್ತಿತ್ತು. ಪುಸ್ತಕ ಸಿಕ್ಕಿತು, ದಿನ ಗಟ್ಟಿಯಾಯಿತು ಎಂದೆ. ಬಂಡಿ ಮಾತ್ರ ಹೇಳಲಾರೆ ಎಂದೆ. ಬಡಿಯುವ ಸದ್ದು ನಿಂತಿತು.

"ನಿಮ್ಮ ಹೇಳ್ಕಿಯಾಗ ಬಂಡಿ ಐತಿ."

"ಇದೆ ಅಕ್ಕಾರ. ಅದು ನಾನು ಹೇಳಿದ್ದೋ ಅವರು ಬರೆದದ್ದೋ ನನಗೆ ಗೊತ್ತಾಗುತ್ತಿಲ್ಲ."

"ನಿಮ್ಮ ಕಣ್ಣಿಗೆ ಕಾಣ್ತೈತೋ ಇಲ್ಲೋ?"

"ಕಾಣುತ್ತದೆ. ಇಲ್ಲದ ಸ್ಕೂಟರೂ ಕಾಣುತ್ತಿತ್ತು."

"ಸ್ಕೂಟರ್ ಕಟ್ಕಂಡು ನಾನೇನು ಮಾಡ್ಲಿ?" ಎಂದರು. "ಬಂಡಿ ಇಲ್ಲದಿದ್ರ ಆಕಿ ತಾನಾ ನಡ್ಕಂತ ಹೋಗಿ ಬಿದ್ಲು ಅಂತಾರ. ಅದನ್ನ ಅವನೂ ಹೇಳ್ತಾನ. ನೀವೂ ಹಂಗಾ ಹೇಳ್ರಿ." ಫೋನು ಇಟ್ಟರು.

ಸಾಕ್ಷಿಯ ದಿನ ಕೊಟ್ಟೂರಿನಿಂದ ಮೊದಲ ಬಸ್ಸು ಹಿಡಿದೆ. ಕೋರ್ಟಿನ ವರಾಂಡದಲ್ಲಿ ಅಕ್ಕ ಕೂತಿದ್ದರು. ನಮಸ್ಕಾರ ಮಾಡಿದೆ. ತಲೆ ಅಲ್ಲಾಡಿಸಿದರು, ಅಷ್ಟೇ. ಸರಕಾರಿ ವಕೀಲರು, ಚುರುಕಾದ ಹೆಂಗಸು, ಕೈಯಲ್ಲಿ ನಾಲ್ಕು ಫೈಲು ಹಿಡಿದು ನಡೆಯುತ್ತಲೇ ಮಾತಾಡಿದರು. "ಬಂಡಿಯಲ್ಲಿ ಸೊಪ್ಪೆ ಇತ್ತಂತಲ್ಲ? ಅಕ್ಕ ಹೇಳಿದರು, ನಿಮಗೆ ಒಂದೊಂದೇ ನೆನಪಾಗುತ್ತಿದೆ ಅಂತ." ಪುಸ್ತಕ ಸಿಗುವ ಮೊದಲು ಒಂದು ದಿನ ಫೋನಿನಲ್ಲಿ ಬಾಯಿತಪ್ಪಿ ಅಕ್ಕನಿಗೆ ಸೊಪ್ಪೆಯ ವಿಷಯ ಹೇಳಿದ್ದೆ. ಬೇಡ, ಅದನ್ನು ಕೇಳಬೇಡಿ ಎನ್ನುವಷ್ಟರಲ್ಲಿ ನನ್ನ ಹೆಸರು ಕೂಗಿದರು.

ಕಟಕಟೆಯಲ್ಲಿ ಹಿಡಿದುಕೊಳ್ಳಲು ಒಂದು ಕಟ್ಟಿಗೆಯ ಪಟ್ಟಿ ಇದೆ. ನನಗಿಂತ ಮುಂಚೆ ಹಿಡಿದವರ ಕೈಯಿಂದ ಅದು ನುಣ್ಣಗಾಗಿತ್ತು. ಸತ್ತವಳ ಗಂಡ ಹಿಂದಿನ ಗೋಡೆಗೆ ಒತ್ತಿ ನಿಂತಿದ್ದ. ಸಣ್ಣಗಾಗಿದ್ದ. ನನ್ನನ್ನು ಬರೀ ನೋಡುತ್ತಿದ್ದ, ಮೊದಲಿನ ಹಾಗೆಯೇ. ಅಕ್ಕ ಕೊನೆಯ ಬೆಂಚಿನಲ್ಲಿದ್ದರು.

ಸರಕಾರಿ ವಕೀಲರು ಕೇಳುತ್ತ ಹೋದರು. ಯಾರನ್ನು ನೋಡಿದಿರಿ? ತೋರಿಸಿದೆ. ಎಲ್ಲಿ? ಎಷ್ಟು ಹೊತ್ತಿಗೆ? ಹೇಳಿದೆ. "ಆರೋಪಿ ಬಂಡಿ ಹೊಡೆದುಕೊಂಡು ಹೋಗುತ್ತಿದ್ದ. ಬಂಡಿಯಲ್ಲಿ ಏನಿತ್ತು?"

ಸೊಪ್ಪೆ ಕಂಡಿತು. ಹಗ್ಗ ಕಂಡಿತು. ಹಸಿರು ಚುಂಗು ಕೂಡ ಕಂಡಿತು, ಆ ಕ್ಷಣದಲ್ಲಿ, ಕೋರ್ಟಿನ ಫ್ಯಾನಿನ ಕೆಳಗೆ, ಎಲ್ಲಕ್ಕಿಂತ ಸ್ಪಷ್ಟವಾಗಿ. ಬಾಯಿ ತೆರೆದರೆ ಅದೇ ಬರುತ್ತದೆಂದು ಹೆದರಿ ಕಟ್ಟಿಗೆಯ ಪಟ್ಟಿಯನ್ನು ಎರಡೂ ಕೈಯಿಂದ ಹಿಡಿದುಕೊಂಡೆ.

"ಗೊತ್ತಿಲ್ಲ" ಎಂದೆ. "ಬಂಡಿ ಇತ್ತು ಎಂದೂ ನಾನು ಪ್ರಮಾಣ ಮಾಡಿ ಹೇಳಲಾರೆ. ಎತ್ತುಗಳಿದ್ದವು. ಅವನಿದ್ದ."

ಸರಕಾರಿ ವಕೀಲರು ಫೈಲಿನಿಂದ ತಲೆ ಎತ್ತಿದರು. ಹಿಂದೆ ಬೆಂಚು ಕಿರುಗುಟ್ಟಿತು. ನಾನು ಆ ಕಡೆ ನೋಡಲಿಲ್ಲ.

ಅವನ ಪರ ವಕೀಲರು ಹಡಗಲಿ ಕಡೆಯ ಹಿರಿಯರು. ನಿಧಾನಕ್ಕೆ ಎದ್ದು, ಕನ್ನಡಕ ಒರೆಸಿ, ಸಂತೆಯಲ್ಲಿ ಪರಿಚಯದವರನ್ನು ಕಂಡ ಹಾಗೆ ನಕ್ಕರು.

"ಮೇಷ್ಟ್ರ, ನೀವು ಈ ಕಡಿಯವರಾ ಅಲ್ಲೇನ್ರಿ? ಸೋಮವಾರ ಎತ್ತಿಗೆ ನೊಗ ಇಡ್ತಾರೇನ್ರಿ ನಿಮ್ಮ ಕಡಿ?"

"ಇಡುವುದಿಲ್ಲ."

"ಅಂದ್ಮ್ಯಾಲೆ ಪೊಲೀಸರ ಮುಂದ ಬಂಡಿ ನೋಡೀನಿ ಅಂತ ಹೇಳೀರಲ್ಲ, ಅದು ಸೋಮವಾರದ್ದಲ್ಲ."

"ಬಂಡಿಯ ಬಗ್ಗೆ ನನಗೆ ಸಂಶಯವಿದೆ. ಸೋಮವಾರದ ಬಗ್ಗೆ ಇಲ್ಲ."

"ಮೂರು ವರ್ಷದ ಹಿಂದಿನ ವಾರ ನಿಮಗ ಅಷ್ಟು ಖಚಿತ ಹೆಂಗ ನೆನಪೈತಿ?"

"ನೆನಪಿಲ್ಲ. ಬರೆದಿದ್ದೇನೆ."

ತಡ ಪುಸ್ತಕದ ವಿಷಯ ಹೇಳಿದೆ. ಅವರು ನಗು ನಿಲ್ಲಿಸಿ, ಅದು ಕಡತದಲ್ಲಿಲ್ಲ, ಒಪ್ಪಬಾರದು ಎಂದು ಗಟ್ಟಿಯಾಗಿ ತಕರಾರು ಮಾಡಿದರು. ನ್ಯಾಯಾಧೀಶರು ಮೊದಲ ಸಲ ನನ್ನ ಮುಖ ನೋಡಿದರು. ಪುಸ್ತಕ ಎಲ್ಲಿದೆ ಎಂದು ಕೇಳಿದರು. ಕಾರಣದ ಜಾಗದಲ್ಲಿ ಏನು ಬರೆದಿದೆ ಎಂದು ಕೇಳಿದರು. ಹೇಳಿದೆ. ಅವರು ಬೆರಳಚ್ಚುಗಾರರಿಗೆ ಅದನ್ನು ಹಾಗೆಯೇ ಹೇಳಿ ಬರೆಸಿದರು. ಪುಸ್ತಕವನ್ನು ತರಿಸಬೇಕೆಂದು ಸರಕಾರಿ ವಕೀಲರು ಅರ್ಜಿ ಕೊಟ್ಟರು. ನಾನು ಮುಂದಿನ ವಾಯಿದೆಗೆ ಮತ್ತೆ ಬಂದು ನನ್ನ ಅಕ್ಷರವನ್ನು ಗುರುತಿಸಬೇಕು. ಇಳಿಯುವಾಗ ಒಂದು ಸಲ ಅವನನ್ನು ನೋಡಿದೆ. ಈಗ ಅವನು ನೆಲ ನೋಡುತ್ತಿದ್ದ. ಅದರಿಂದ ಏನನ್ನೂ ತಿಳಿಯಬಾರದು ಎಂದು ನನಗೆ ನಾನೇ ಹೇಳಿಕೊಂಡೆ.

ಹಿಂದಿರುಗುವಾಗ ಅಕ್ಕನೂ ನಾನೂ ಒಂದೇ ಬಸ್ಸಿನಲ್ಲಿ ಬಂದೆವು. ಅವರು ಹಗರಿಬೊಮ್ಮನಹಳ್ಳಿಯಲ್ಲಿ ಇಳಿದು ಕೂಡ್ಲಿಗಿಯ ಬಸ್ಸು ಹಿಡಿಯಬೇಕಿತ್ತು. ಒಂದು ಸೀಟು ಬಿಟ್ಟು ಕೂತಿದ್ದರು. ಊರು ಹತ್ತಿರವಾದಾಗ ಎದ್ದು ಬಂದು ಪಕ್ಕದಲ್ಲಿ ಕೂತರು.

"ಒಂದು ಕೇಳ್ತೀನಿ ಸರ. ಆಕಿ ಪೆಟ್ರೋಲಿನ ಮಾತು ಅಂದ್ಲು ಅಂತ ಹೇಳಿದ್ರಿ. ಅದಾರ ಖರೇನೋ, ಅದೂ ಆ ಸ್ಕೂಟರಿನಂಗೋ?"

ನಾನು ಅದನ್ನು ನಿರೀಕ್ಷಿಸಿರಲಿಲ್ಲ. "ಪೆಟ್ರೋಲ್ ಮುಗಿದದ್ದು ಖರೆ ಅಕ್ಕಾರ. ಅದೂ ಪುಸ್ತಕದಲ್ಲಿದೆ" ಎಂದೆ.

"ಪುಸ್ತಕ ಅತ್ಲಾಗ ಇರ್ಲಿ. ಆಕಿ ಅಂದದ್ದು?"

ಬಸ್ಸು ನಿಲ್ದಾಣದೊಳಗೆ ತಿರುಗುತ್ತಿತ್ತು. ಕಂಡಕ್ಟರ್ ಬಾಗಿಲು ಬಡಿದ.

"ಅಂದ್ಲು" ಎಂದೆ. "ಹಂಗಾ ಅಂದ್ಲು."

ಬೆಳಿಗ್ಗೆ ಕಟಕಟೆಯಲ್ಲಿ ಅಷ್ಟು ಬೇಗ ಒಂದು ಉತ್ತರವನ್ನೂ ಕೊಟ್ಟಿರಲಿಲ್ಲ. ಅವರು ಆ ಮಾತನ್ನು ಬಾಯೊಳಗೇ ಒಮ್ಮೆ ಹೇಳಿಕೊಂಡರು. ಹುಬ್ಬು ಗಂಟಾಯಿತು. "ಆಕಿ 'ಮರ್ತು' ಅನ್ನಾಕಿ ಅಲ್ಲ. 'ನೆಪ್ಪು ಹಾರಿ' ಅಂತಿದ್ಲು. 'ಪೆಟ್ರೋಲ್ ಹಾಕಾದು ನೆಪ್ಪು ಹಾರಿ ಬಂದೀರಿ' ಅಂದಿರ್ತಾಳ." ಎದ್ದು ಚೀಲ ಹೆಗಲಿಗೇರಿಸಿಕೊಂಡರು. "ಮುಂದಿನ ವಾಯಿದೆಗೆ ಆ ಪುಸ್ತಕ ಹುಷಾರಾಗಿ ತರಾಕ ಹೇಳ್ರಿ. ಹಾಳಿ ಕಿತ್ತು ಗಿತ್ತು ಹೋದೀತು."

ಇಳಿದು, ಕೂಡ್ಲಿಗಿ ಬಸ್ಸಿನ ಕಡೆಗೆ ಹಿಂದೆ ತಿರುಗಿ ನೋಡದೆ ನಡೆದರು.

ವಾಯಿದೆಗೆ ಇನ್ನೂ ಮೂರು ವಾರ ಇದೆ. ಎರಡು ದಿನಕ್ಕೊಮ್ಮೆ ಅಟೆಂಡರನಿಗೆ ಫೋನು ಮಾಡುತ್ತೇನೆ. "ಐತಿ ಸಾರ್, ಬೀರುನಾಗೆ ಐತಿ, ಬೀಗದ ಕೈ ನನ್ನ ಉಡದಾರದಾಗೆ ಐತಿ" ಎನ್ನುತ್ತಾನೆ. ಮೊನ್ನೆ ಆ ದಾರಿಯಲ್ಲಿ ಹೋಗಿ ಬೇವಿನ ಮರದ ಕೆಳಗೆ ಗಾಡಿ ನಿಲ್ಲಿಸಿದೆ. ಹೊಲ ಬೀಳುಬಿದ್ದಿತ್ತು. ಆ ಮಾತನ್ನು ನೆನೆಸಿಕೊಳ್ಳಲು ನೋಡಿದೆ. ಚೊಂಬು, ನೀರು, ಅವಳ ಮುಖ, ಎಲ್ಲ ಬಂತು. ಅವಳು ಬಾಯಿ ತೆರೆದು, "ನೆಪ್ಪು ಹಾರಿ ಬಂದೀರಿ" ಎಂದಳು. ಎಷ್ಟು ಸಲ ಮೊದಲಿನಿಂದ ಶುರುಮಾಡಿದರೂ ಹಾಗೆಯೇ ಅಂದಳು.